ಬರೆಯುವ ಕೈ ಬೇರೆ, ಪರಿಶೋಧಿಸುವ ಕೈ ಬೇರೆ: ಕಂಪನಿಗೆ ಆಡಿಟರ್ ಆರಿಸುವಾಗ

ಆಡಿಟರ್ ನೇಮಕದ ವಿಷಯ ಬೋರ್ಡ್ ಮುಂದೆ ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆ ಏಳುತ್ತವೆ. ಫೀಸು ಎಷ್ಟು? ಸೆಪ್ಟೆಂಬರ್ 30ರೊಳಗೆ ಎಜಿಎಂ (ಷೇರುದಾರರ ವಾರ್ಷಿಕ ಸಾಮಾನ್ಯ ಸಭೆ) ನಡೆಸಬೇಕು, ಅಷ್ಟರಲ್ಲಿ ಸಹಿ ಆಗುತ್ತದೆಯೇ? ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಮ್ಮ ಲೆಕ್ಕದಲ್ಲಿ ತಪ್ಪು ಕಂಡು ಈ ಆಡಿಟರ್ ‘ಇದಕ್ಕೆ ನಾನು ಒಪ್ಪುವುದಿಲ್ಲ’ ಎಂದರೆ, ಅವರು ಕಳೆದುಕೊಳ್ಳುವುದೆಷ್ಟು? ಒಂದು ಆಡಿಟ್ ಫೀಸು ಮಾತ್ರವೇ? ಅಥವಾ ಅದರ ಜೊತೆಗೆ ತಿಂಗಳ ಅಕೌಂಟಿಂಗ್ ಬಿಲ್ಲು, ಜಿಎಸ್‌ಟಿ ರಿಟರ್ನ್ ಕೆಲಸ, ಡೈರೆಕ್ಟರ್‌ಗಳ ವೈಯಕ್ತಿಕ ತೆರಿಗೆ ಕೆಲಸ, ಅದೇ ಕುಟುಂಬದ ಇನ್ನು ನಾಲ್ಕು ಕಂಪನಿಗಳ ಆಡಿಟ್ ಎಲ್ಲವೂ ಹೋಗುತ್ತದೆಯೇ? ಸ್ವತಂತ್ರ ಆಡಿಟ್ ಎಂದರೇನು ಎನ್ನುವುದು ಈ ಲೆಕ್ಕದಲ್ಲೇ ಇದೆ. ‘ಇಲ್ಲ’ ಎನ್ನುವುದಕ್ಕೆ ಆಡಿಟರ್ ತೆರಬೇಕಾದ ಬೆಲೆ ಹೆಚ್ಚಿದಷ್ಟೂ ಅವರ ವರದಿಯ ಬೆಲೆ ಕಡಿಮೆ. ಮುಂದೆ ಹೋಲಿಸುವ ಪ್ರತಿ ಆಯ್ಕೆಯನ್ನೂ ಇದೇ ತಕ್ಕಡಿಗೆ ಹಾಕಿದ್ದೇವೆ.

ಈ ಬರಹ ಮುಖ್ಯವಾಗಿ ಷೇರುಪೇಟೆಯಲ್ಲಿ ಲಿಸ್ಟ್ ಆಗದ, ಬ್ಯಾಂಕ್ ಸಾಲ ಇರುವ ಮಧ್ಯಮ ಗಾತ್ರದ ಕಂಪನಿಗಳಿಗಾಗಿ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆ, ಹುಬ್ಬಳ್ಳಿಯ ವಿತರಣಾ ಕಂಪನಿ, ಮಂಗಳೂರಿನ ಗೋಡಂಬಿ ಸಂಸ್ಕರಣಾ ಘಟಕ ಇಂಥವು. ಲಿಸ್ಟೆಡ್ ಕಂಪನಿ ಮತ್ತು ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳಿಗೆ) ಬೇರೆಯಾಗುವ ನಿಯಮಗಳನ್ನು ಅಲ್ಲಲ್ಲಿ ಹೇಳಿದೆ.

ಆಯ್ಕೆಗೆ ಮೊದಲು ಕಾನೂನಿನ ಗೆರೆ

ಕಂಪನಿಗಳ ಕಾಯ್ದೆ, 2013ರ ಎರಡು ಸೆಕ್ಷನ್‌ಗಳನ್ನು ಒಟ್ಟಿಗೆ ಓದಬೇಕು. ಯಾರು ಆಡಿಟರ್ ಆಗಬಾರದು ಎಂದು ಹೇಳುವುದು 141. ಆಡಿಟರ್ ಆದ ಮೇಲೆ ಯಾವ ಕೆಲಸ ಮಾಡಬಾರದು ಎಂದು ಹೇಳುವುದು 144.

ಸೆಕ್ಷನ್ 144ರ ಪಟ್ಟಿಯಲ್ಲಿ ಅಕೌಂಟಿಂಗ್ ಮತ್ತು ಬುಕ್‌ಕೀಪಿಂಗ್, ಇಂಟರ್ನಲ್ ಆಡಿಟ್, ಹಣಕಾಸು ಮಾಹಿತಿ ವ್ಯವಸ್ಥೆಯ ವಿನ್ಯಾಸ ಮತ್ತು ಅಳವಡಿಕೆ, ಆ್ಯಕ್ಚುಯರಿ ಸೇವೆ (ವಿಮೆ, ಪಿಂಚಣಿಯಂಥ ಹೊಣೆಗಳ ಅಂದಾಜು), ಹೂಡಿಕೆ ಸಲಹೆ, ಇನ್‌ವೆಸ್ಟ್‌ಮೆಂಟ್ ಬ್ಯಾಂಕಿಂಗ್, ಹೊರಗುತ್ತಿಗೆಯ ಹಣಕಾಸು ಸೇವೆ, ಮ್ಯಾನೇಜ್‌ಮೆಂಟ್ ಸೇವೆ ಇವೆ. ಆ ಕಂಪನಿಗಷ್ಟೇ ಅಲ್ಲ, ಅದರ ಹೋಲ್ಡಿಂಗ್ ಕಂಪನಿಗೂ (ಅದರ ಒಡೆತನ ಹೊಂದಿದ ಕಂಪನಿಗೂ) ಸಬ್ಸಿಡಿಯರಿಗೂ (ಅದರ ಅಧೀನ ಕಂಪನಿಗೂ) ಇವನ್ನು ಒದಗಿಸುವಂತಿಲ್ಲ. ಪಟ್ಟಿಯಲ್ಲಿ ಇಲ್ಲದ ಕೆಲಸ ಮಾಡಬಹುದು, ಆದರೆ ಅದಕ್ಕೂ ಬೋರ್ಡ್ ಅಥವಾ ಆಡಿಟ್ ಕಮಿಟಿಯ ಒಪ್ಪಿಗೆ ಬೇಕು. ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂಬ ಮಾತು ಈ ಸೆಕ್ಷನ್‌ನ ಜೀವ. ಆಡಿಟರ್‌ನ ಹೆಂಡತಿಯ ಹೆಸರಿನಲ್ಲಿ ನಡೆಯುವ ಅಕೌಂಟಿಂಗ್ ಸಂಸ್ಥೆ, ಅವರದೇ ಹಿಡಿತದಲ್ಲಿರುವ ಕನ್ಸಲ್ಟಿಂಗ್ ಕಂಪನಿ, ಅವರದೇ ಬ್ರ್ಯಾಂಡ್ ಹೆಸರು ಬಳಸುವ ಇನ್ನೊಂದು ಫರ್ಮ್, ಎಲ್ಲವೂ ಇದರೊಳಗೆ ಬರುತ್ತವೆ.

ಸೆಕ್ಷನ್ 141ರಲ್ಲಿ ಜನ ಎಡವುವುದು ಸಂಖ್ಯೆಗಳಲ್ಲಿ. ಆಡಿಟರ್ ಅಥವಾ ಅವರ ಪಾರ್ಟ್‌ನರ್ ಕಂಪನಿಯ ಒಂದೇ ಒಂದು ಷೇರನ್ನೂ ಇಟ್ಟುಕೊಳ್ಳುವಂತಿಲ್ಲ. ಅವರ ಸಂಬಂಧಿ ಇಟ್ಟುಕೊಳ್ಳಬಹುದು, ಮುಖಬೆಲೆಯಲ್ಲಿ ₹1 ಲಕ್ಷದವರೆಗೆ. ₹10 ಮುಖಬೆಲೆಯ ಷೇರಾದರೆ 10,000 ಷೇರು. ಮಾರುಕಟ್ಟೆ ಬೆಲೆ ಇಲ್ಲಿ ಗಣನೆಗೆ ಬಾರದು. ಮಿತಿ ದಾಟಿದರೆ ಸರಿಪಡಿಸಲು 60 ದಿನ ಇರುತ್ತದೆ. ಆಡಿಟರ್, ಅವರ ಸಂಬಂಧಿ ಅಥವಾ ಪಾರ್ಟ್‌ನರ್ ಕಂಪನಿಗೆ ₹5 ಲಕ್ಷಕ್ಕಿಂತ ಹೆಚ್ಚು ಸಾಲ ಉಳಿಸಿಕೊಂಡಿದ್ದರೆ, ಮೂರನೆಯವರ ಸಾಲಕ್ಕೆ ₹1 ಲಕ್ಷಕ್ಕಿಂತ ಹೆಚ್ಚಿನ ಗ್ಯಾರಂಟಿ ಕೊಟ್ಟಿದ್ದರೆ, ಅಥವಾ ಸಂಬಂಧಿಯೊಬ್ಬರು ಅದೇ ಕಂಪನಿಯ ಡೈರೆಕ್ಟರ್ ಆಗಿದ್ದರೆ ಅನರ್ಹತೆ ಬರುತ್ತದೆ. ಇಲ್ಲಿ ಸಂಬಂಧಿ ಎಂದರೆ ಗಂಡ, ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಅವಿಭಕ್ತ ಕುಟುಂಬದ ಸದಸ್ಯರು. ಭಾವಮೈದುನ ಈ ಪಟ್ಟಿಯಲ್ಲಿ ಇಲ್ಲ. ಕಾನೂನು ತಡೆಯದಿದ್ದರೂ ಡೈರೆಕ್ಟರ್‌ನ ಭಾವಮೈದುನನನ್ನು ಆಡಿಟರ್ ಮಾಡುವುದನ್ನು ನಾವು ಒಪ್ಪುವುದಿಲ್ಲ. ಹಬ್ಬಕ್ಕೆ ಒಂದೇ ಮನೆಯಲ್ಲಿ ಊಟಕ್ಕೆ ಕೂರುವವರು ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ತಕರಾರು ಬರೆಯಬೇಕಾದಾಗ ಇಬ್ಬರಿಗೂ ಕಷ್ಟ.

ಆಯ್ಕೆ ಒಂದು: ಎಲ್ಲವೂ ಒಂದೇ ಆಫೀಸಿನಲ್ಲಿ

ಸಣ್ಣ ಊರುಗಳಲ್ಲಿ ಇದೇ ರೂಢಿ. ‘ನಮ್ಮ ಆಡಿಟರ್’ ಅಂದರೆ ಟ್ಯಾಲಿಯಲ್ಲಿ ಎಂಟ್ರಿ ಹಾಕುವವರು, ಜಿಎಸ್‌ಟಿ ತುಂಬುವವರು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವವರು, ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವವರು, ಎಲ್ಲ ಅವರೇ. ಖರ್ಚು ಕಡಿಮೆ, ಓಡಾಟ ಕಡಿಮೆ. ಪ್ರೊಪ್ರೈಟರ್ ಅಂಗಡಿಯಾಗಿದ್ದಾಗ ಇದು ಹೇಗೋ ನಡೆದಿರುತ್ತದೆ. ಪ್ರೈವೇಟ್ ಲಿಮಿಟೆಡ್ ಆದ ದಿನದಿಂದ ಇದು ಸೆಕ್ಷನ್ 144ರ ಉಲ್ಲಂಘನೆ. ಗಾತ್ರ ಸಣ್ಣದು ಎಂಬ ಕಾರಣಕ್ಕೆ ಈ ಸೆಕ್ಷನ್‌ನಲ್ಲಿ ವಿನಾಯಿತಿ ಇಲ್ಲ.

ಕೆಡುವುದು ಎಲ್ಲಿ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಕಂಪನಿಗೆ ಬ್ಯಾಂಕಿನಲ್ಲಿ ₹8 ಕೋಟಿಯ ಸಿಸಿ ಲಿಮಿಟ್ (ದಿನನಿತ್ಯದ ವ್ಯಾಪಾರಕ್ಕೆ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಇದೆ ಎನ್ನಿ. ಮಾರ್ಚ್ ತ್ರೈಮಾಸಿಕದ ಸ್ಟಾಕ್ ಸ್ಟೇಟ್‌ಮೆಂಟನ್ನು ಆಡಿಟರ್ ಆಫೀಸಿನ ಹುಡುಗನೇ ತಯಾರಿಸಿ ಬ್ಯಾಂಕಿಗೆ ಕಳಿಸಿದ್ದಾನೆ: ಸ್ಟಾಕ್ ₹6.40 ಕೋಟಿ. ಆಗಸ್ಟ್‌ನಲ್ಲಿ ಲೆಕ್ಕ ಮುಗಿಸುವಾಗ ಪುಸ್ತಕದಲ್ಲಿ ಮಾರ್ಚ್ 31ರ ಸ್ಟಾಕ್ ₹5.10 ಕೋಟಿ. ವ್ಯತ್ಯಾಸ ₹1.30 ಕೋಟಿ. ಆಡಿಟ್ ವರದಿಯಲ್ಲಿ ಏನೇನು ಹೇಳಬೇಕು ಎಂದು ವಿಧಿಸುವ ಕ್ಯಾರೋ 2020 ಆದೇಶದ ಖಂಡ 3(ii)(ಬಿ) ಪ್ರಕಾರ, ಚಾಲ್ತಿ ಆಸ್ತಿಗಳ (ಸ್ಟಾಕ್, ಬರಬೇಕಾದ ಬಾಕಿ ಇಂಥವುಗಳ) ಭದ್ರತೆಯ ಮೇಲೆ ₹5 ಕೋಟಿಗಿಂತ ಹೆಚ್ಚಿನ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಲೆಕ್ಕ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಲೇಬೇಕು. ತಾಳೆಯಾಗುವುದಿಲ್ಲ ಎಂದು ಬರೆದರೆ ತಮ್ಮ ಆಫೀಸಿನ ತಪ್ಪನ್ನು ತಾವೇ ಬರೆದಂತೆ. ಬರೆಯದಿದ್ದರೆ ಸುಳ್ಳು ವರದಿ. ಎಷ್ಟೇ ಪ್ರಾಮಾಣಿಕರನ್ನಾದರೂ ಈ ಇಕ್ಕಟ್ಟಿಗೆ ತಳ್ಳಬಾರದು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದುವ ಸ್ಥಿತಿ ಇದು.

ಇನ್ನೊಂದು ಸಾಕ್ಷಿ ಸಾಫ್ಟ್‌ವೇರಿನೊಳಗೇ ಕೂತಿದೆ. 1 ಏಪ್ರಿಲ್ 2023ರಿಂದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ಅದು ವರ್ಷವಿಡೀ ಚಾಲ್ತಿಯಲ್ಲಿತ್ತೇ ಎಂದೂ ಆಡಿಟರ್ ವರದಿ ಮಾಡಬೇಕು. ಮಾರ್ಚ್ 31ರ ದಿನಾಂಕ ಹಾಕಿ ಆಗಸ್ಟ್ 22ರ ರಾತ್ರಿ ಆಡಿಟ್ ಆಫೀಸಿನ ಲಾಗಿನ್‌ನಿಂದ ಹಾಕಿದ ಜರ್ನಲ್ ಎಂಟ್ರಿ ಆ ಲಾಗ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಲೆಕ್ಕ ಬರೆದವರು ಯಾರು ಎಂದು ಮುಂದೊಂದು ದಿನ ಯಾರಾದರೂ ಕೇಳಿದರೆ ಉತ್ತರಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಆಯ್ಕೆ ಎರಡು: ಕಾಗದದ ಮೇಲೆ ಮಾತ್ರ ಬೇರೆ

ಸೆಕ್ಷನ್ 144 ಗೊತ್ತಿರುವವರು ಹಿಡಿಯುವ ಅಡ್ಡದಾರಿ ಇದು. ಲೆಕ್ಕ ಬರೆದು ಬ್ಯಾಲೆನ್ಸ್ ಶೀಟ್ ತಯಾರಿಸುವುದು ಒಬ್ಬ ಸಿಎ, ಸಹಿ ಮಾತ್ರ ಅವರ ಸ್ನೇಹಿತರದು. ಬದಲಿಗೆ ಸ್ನೇಹಿತರ ಕಡೆಯ ಕಂಪನಿಗಳಿಗೆ ಇವರ ಸಹಿ. ನಮ್ಮ ಮಟ್ಟಿಗೆ ಇದು ಮೊದಲನೆಯದಕ್ಕಿಂತಲೂ ಕೆಟ್ಟ ಆಯ್ಕೆ. ಎಲ್ಲವೂ ಒಂದೇ ಆಫೀಸಿನಲ್ಲಿದ್ದಾಗ ಸಹಿ ಹಾಕಿದವರಿಗೆ ಲೆಕ್ಕವಾದರೂ ಗೊತ್ತಿರುತ್ತಿತ್ತು. ಇಲ್ಲಿ ಅದೂ ಇಲ್ಲ.

ನಿಮ್ಮ ಕಂಪನಿಯಲ್ಲಿ ಹೀಗೇ ನಡೆಯುತ್ತಿದೆಯೇ ಎಂದು ತಿಳಿಯಲು ಕೆಲವು ಗುರುತುಗಳಿವೆ. ಸಹಿ ಹಾಕಿದ ಆಡಿಟರ್ ಕಡೆಯಿಂದ ಎಂಗೇಜ್‌ಮೆಂಟ್ ಲೆಟರ್ (ಕೆಲಸದ ವ್ಯಾಪ್ತಿ, ಷರತ್ತು ಹೇಳುವ ಪತ್ರ) ಬಂದಿಲ್ಲ. ಅವರ ಕಡೆಯ ಯಾರೂ ಗೋದಾಮಿಗೆ ಕಾಲಿಟ್ಟಿಲ್ಲ. ಬಾಕಿದಾರರಿಗೆ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಹೋಗಿಲ್ಲ. ಕೇಳಿದ ಪ್ರಶ್ನೆಗಳ ಪಟ್ಟಿ ಒಂದೂ ನಿಮ್ಮ ಮೇಲ್‌ಬಾಕ್ಸಿನಲ್ಲಿ ಇಲ್ಲ. ಸಹಿಗೆ ಮೊದಲು ಬಂದದ್ದು ಯುಡಿಐಎನ್ ಸಂಖ್ಯೆಯ (ಸಿಎ ಸಹಿ ಹಾಕುವ ಪ್ರತಿ ದಾಖಲೆಗೆ ಪಡೆಯುವ ಗುರುತಿನ ಸಂಖ್ಯೆಯ) ಮೆಸೇಜು ಮಾತ್ರ. ಪ್ರಶ್ನೆಯೇ ಇಲ್ಲದೆ ಮುಗಿದ ಆಡಿಟ್ ನಡೆದ ಆಡಿಟ್ ಅಲ್ಲ.

ಆಯ್ಕೆ ಮೂರು: ನಿಜವಾಗಿ ಬೇರೆ ಬೇರೆ

ಕಂಪನಿಯ ಸ್ವಂತ ಅಕೌಂಟೆಂಟ್, ಅಥವಾ ಹೊರಗಿನ ಒಂದು ಅಕೌಂಟಿಂಗ್ ಆಫೀಸು ಪುಸ್ತಕ ಬರೆಯುತ್ತದೆ. ಅದಕ್ಕೆ ಸಂಬಂಧವಿಲ್ಲದ ಸಿಎ ಫರ್ಮ್ ಪರಿಶೋಧಿಸುತ್ತದೆ. ಮಧ್ಯಮ ಗಾತ್ರದ ಕಂಪನಿಗೆ ನಾವು ಸೂಚಿಸುವುದು ಇದನ್ನೇ. ಖರ್ಚು ಖಂಡಿತ ಹೆಚ್ಚಾಗುತ್ತದೆ. ಮೊದಲ ವರ್ಷ ಎರಡೂ ಕಡೆಯವರ ನಡುವೆ ತಿಕ್ಕಾಟವೂ ಇರುತ್ತದೆ. ಹಳೆಯ ಸಸ್ಪೆನ್ಸ್ ಅಕೌಂಟ್ (ಯಾವ ಖಾತೆಗೆಂದು ತೀರ್ಮಾನವಾಗದ ಮೊತ್ತಗಳು), ವರ್ಷಗಟ್ಟಲೆ ಕದಲದ ಅಡ್ವಾನ್ಸುಗಳು, ಡೈರೆಕ್ಟರ್ ಹೆಸರಿನ ಕರೆಂಟ್ ಅಕೌಂಟ್ ಎಲ್ಲ ಮೇಲೆ ಬರುತ್ತವೆ. ಆ ತಿಕ್ಕಾಟಕ್ಕೆ ಹೆದರಿ ಹಿಂದೆ ಸರಿಯಬೇಡಿ, ಕೊಟ್ಟ ಹಣಕ್ಕೆ ಸಿಗುವ ಕೆಲಸವೇ ಅದು.

ಗೆರೆ ಎಲ್ಲಿ ಎಳೆಯಬೇಕು ಎಂಬುದು ದಿನನಿತ್ಯದ ಪ್ರಶ್ನೆ. ಆಡಿಟರ್ ತಪ್ಪು ತೋರಿಸಬಹುದು, ಆಗಬೇಕಾದ ತಿದ್ದುಪಡಿಗಳ ಪಟ್ಟಿ ಕೊಡಬಹುದು. ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಿ ಎಂಟ್ರಿ ಹಾಕಬೇಕಾದವರು ಕಂಪನಿಯವರು. ಸವಕಳಿ ಲೆಕ್ಕ, ಗ್ರ್ಯಾಚುಯಿಟಿ ಪ್ರಾವಿಷನ್, ಬಾರದ ಬಾಕಿಯ ಅಂದಾಜು ಎಲ್ಲವೂ ಕಂಪನಿಯ ಕಡೆಯಿಂದ ಸಿದ್ಧವಾಗಿ ಆಡಿಟರ್ ಮೇಜಿಗೆ ಹೋಗಬೇಕು. ಟ್ಯಾಕ್ಸ್ ಆಡಿಟನ್ನು (ಆದಾಯ ತೆರಿಗೆಗಾಗಿ ಮಾಡುವ ಆಡಿಟ್) ಸ್ಟ್ಯಾಚುಟರಿ ಆಡಿಟರ್, ಅಂದರೆ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವ ಆಡಿಟರ್ ಮಾಡಬಹುದು, ಅದರಲ್ಲಿ ತೊಡಕಿಲ್ಲ. ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ 144ರ ಪಟ್ಟಿಯಲ್ಲಿ ಹೆಸರಿನಿಂದ ಇಲ್ಲ. ಆದರೆ ಮಾರಾಟ, ಖರೀದಿ ವಹಿಗಳನ್ನು ಸರಿಮಾಡದೆ ಆ ರಿಟರ್ನ್ ತುಂಬಲು ಆಗುವುದಿಲ್ಲ, ಹೀಗಾಗಿ ಅದು ನಿಧಾನವಾಗಿ ಬುಕ್‌ಕೀಪಿಂಗ್ ಆಗಿಬಿಡುತ್ತದೆ. ಅದನ್ನು ಅಕೌಂಟಿಂಗ್ ಆಫೀಸಿಗೇ ಬಿಡುವುದು ಒಳ್ಳೆಯದು.

ಆಯ್ಕೆ ನಾಲ್ಕು: ದೊಡ್ಡ ನೆಟ್‌ವರ್ಕ್ ಫರ್ಮ್

ವಿದೇಶಿ ಹೂಡಿಕೆದಾರರು ಬರುವಾಗ, ಅಥವಾ ಐಪಿಒ ಕಡೆ ಮುಖ ಮಾಡಿದಾಗ ಬೆಂಗಳೂರಿನ ಕಂಪನಿಗಳು ಇತ್ತ ಹೊರಳುತ್ತವೆ. ಒಬ್ಬ ಗ್ರಾಹಕನ ಫೀಸು ದೊಡ್ಡ ಫರ್ಮ್‌ನ ಆದಾಯದಲ್ಲಿ ಸಣ್ಣ ಪಾಲು, ಆದ್ದರಿಂದ ‘ಇಲ್ಲ’ ಎನ್ನುವ ಬೆಲೆ ಅವರಿಗೆ ಕಡಿಮೆ ಇರಬೇಕು. ತಾತ್ವಿಕವಾಗಿ ಇದು ಸರಿ. ಆದರೆ ನೆಟ್‌ವರ್ಕ್‌ನ ಇನ್ನೊಂದು ತುದಿಯಿಂದ ಬರುವ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಡಿಟ್ ಒಂದು ಫರ್ಮ್‌ನದು, ಅದೇ ಬ್ರ್ಯಾಂಡ್‌ನ ಕನ್ಸಲ್ಟಿಂಗ್ ಕಂಪನಿ ಇಆರ್‌ಪಿ (ಇಡೀ ಕಂಪನಿಯ ಲೆಕ್ಕ, ವ್ಯವಹಾರ ನಡೆಸುವ ಸಾಫ್ಟ್‌ವೇರ್) ಅಳವಡಿಸುತ್ತದೆ, ಇನ್ನೊಂದು ವಿಭಾಗ ಸ್ವಾಧೀನ ವ್ಯವಹಾರಕ್ಕೆ ಸಲಹೆ ಕೊಡುತ್ತದೆ. ಲೆಕ್ಕದ ವಂಚನೆಯಿಂದ ಕುಸಿದ ಅಮೆರಿಕದ ಎನ್ರಾನ್ ಕಂಪನಿಯಿಂದ 2000ನೇ ವರ್ಷಕ್ಕೆ ಅದರ ಆಡಿಟರ್ ಆರ್ಥರ್ ಆ್ಯಂಡರ್ಸನ್ ಪಡೆದ ಆಡಿಟ್ ಫೀಸು 2.5 ಕೋಟಿ ಡಾಲರ್, ಇತರ ಸೇವೆಗಳ ಫೀಸು 2.7 ಕೋಟಿ ಡಾಲರ್. ಆ ಕುಸಿತದ ಬೆನ್ನಿಗೆ 2002ರಲ್ಲಿ ಬಂದ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆಯ ನಿಷೇಧಪಟ್ಟಿಗೂ ನಮ್ಮ ಸೆಕ್ಷನ್ 144ಕ್ಕೂ ಹತ್ತಿರದ ಹೋಲಿಕೆ ಇದೆ.

ಫರ್ಮ್‌ನ ಹೆಸರು ದೊಡ್ಡದಾದ ಮಾತ್ರಕ್ಕೆ ಮೂಲ ಕೆಲಸ ಆಗಿಯೇ ಇರುತ್ತದೆ ಎಂದೂ ಇಲ್ಲ. ದೊಡ್ಡ ಫರ್ಮ್ ಆಡಿಟ್ ಮಾಡುತ್ತಿದ್ದ ಐಟಿ ಕಂಪನಿ ಸತ್ಯಂನ ಪ್ರಕರಣ ನೆನಪಿಸಿಕೊಳ್ಳಿ. 7 ಜನವರಿ 2009ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇರಲೇ ಇಲ್ಲ. ಬ್ಯಾಂಕ್ ಶಿಲ್ಕು ಆಡಿಟ್‌ನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದ ಅಂಕಿ. ಆಡಿಟರ್ ತಾವೇ ಬ್ಯಾಂಕಿಗೆ ಪತ್ರ ಬರೆಯಬೇಕು, ಉತ್ತರ ಬ್ಯಾಂಕಿನಿಂದ ನೇರವಾಗಿ ಆಡಿಟರ್ ವಿಳಾಸಕ್ಕೆ ಬರಬೇಕು, ನಡುವೆ ಕಂಪನಿಯ ಕೈ ಸೋಕಬಾರದು. ಆಡಿಟಿಂಗ್ ಸ್ಟ್ಯಾಂಡರ್ಡ್ 505ರ ಸಾರ ಇದೇ. ನೀವು ಯಾವ ಫರ್ಮ್ ಆರಿಸಿದರೂ, ಕನ್ಫರ್ಮೇಶನ್ ಪತ್ರಗಳನ್ನು ‘ನೀವೇ ತರಿಸಿಕೊಡಿ’ ಎಂದು ಅವರು ನಿಮ್ಮ ಅಕೌಂಟೆಂಟ್‌ಗೆ ಹೇಳುತ್ತಿದ್ದರೆ ಅದು ಸೋಮಾರಿತನದ ಮೊದಲ ಲಕ್ಷಣ.

ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಸಬ್ಸಿಡಿಯರಿಗಳಿಂದ ₹3,535 ಕೋಟಿ ಪ್ರವರ್ತಕರಿಗೆ ಸಂಬಂಧಿಸಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹರಿದಿತ್ತು ಎಂದು ಷೇರುಪೇಟೆ ನಿಯಂತ್ರಕ ಸೆಬಿ ಜನವರಿ 2023ರ ಆದೇಶದಲ್ಲಿ ಹೇಳಿ, ಕಂಪನಿಗೆ ₹26 ಕೋಟಿ ದಂಡ ವಿಧಿಸಿತು. ಅದೇ ವರ್ಷ ಸಮೂಹದ ಕಂಪನಿಗಳ ಆಡಿಟರ್‌ಗಳ ಮೇಲೆ ಎನ್‌ಎಫ್‌ಆರ್‌ಎ (ದೊಡ್ಡ ಕಂಪನಿಗಳ ಆಡಿಟರ್‌ಗಳ ಮೇಲೆ ನಿಗಾ ಇಡುವ ರಾಷ್ಟ್ರೀಯ ಪ್ರಾಧಿಕಾರ) ದಂಡ ಮತ್ತು ನಿಷೇಧದ ಆದೇಶಗಳನ್ನು ಹೊರಡಿಸಿತು. ಸಮೂಹದ ಒಳಗೆ ಓಡಾಡುವ ಹಣವನ್ನು ಒಂದೊಂದೇ ಕಂಪನಿಯ ಲೆಡ್ಜರ್‌ನಲ್ಲಿ ನೋಡಿದರೆ ಅದು ‘ಸಂಬಂಧಿತ ಕಂಪನಿಗೆ ಕೊಟ್ಟ ಅಡ್ವಾನ್ಸ್’ ಎಂದಷ್ಟೇ ಕಾಣುತ್ತದೆ. ಆ ಅಡ್ವಾನ್ಸ್ ಯಾವ ವ್ಯಾಪಾರಕ್ಕೆ ಹೋಯಿತು, ಯಾವಾಗ ವಾಪಸು ಬಂತು, ಬಂದ ಹಣ ಎಲ್ಲಿಂದ ಹುಟ್ಟಿತು ಎಂದು ಕೇಳುವ ಆಡಿಟರ್ ಬೇಕು. ಒಂದೇ ಕುಟುಂಬದ ಹಲವು ಕಂಪನಿಗಳಿದ್ದರೆ ಫರ್ಮ್ ಆರಿಸುವ ಮೊದಲೇ ಈ ಪ್ರಶ್ನೆಗಳನ್ನು ಅವರು ಹೇಗೆ ಪರಿಶೀಲಿಸುತ್ತಾರೆ ಎಂದು ಕೇಳಿ.

ಜಂಟಿ ಆಡಿಟ್

ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ₹15,000 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ಆಸ್ತಿ ಗಾತ್ರದ ಬ್ಯಾಂಕ್, ಎನ್‌ಬಿಎಫ್‌ಸಿಗಳಿಗೆ ರಿಸರ್ವ್ ಬ್ಯಾಂಕಿನ 27 ಏಪ್ರಿಲ್ 2021ರ ಮಾರ್ಗಸೂಚಿಯಂತೆ ಇಬ್ಬರು ಜಂಟಿ ಆಡಿಟರ್ ಕಡ್ಡಾಯ. ಇತರ ಕಂಪನಿಗಳು ಸ್ವ ಇಚ್ಛೆಯಿಂದ ಮಾಡಿಕೊಳ್ಳಬಹುದು. ಕೆಲಸ ಹಂಚಿಕೊಂಡ ಭಾಗಕ್ಕೆ ಅವರವರೇ ಹೊಣೆ, ಹಂಚದ ಭಾಗಕ್ಕೆ ಇಬ್ಬರೂ ಹೊಣೆ. ನೂರು ಕೋಟಿ ವಹಿವಾಟಿನ ಕಂಪನಿಗೆ ಇದರಿಂದ ಸಿಗುವ ಲಾಭಕ್ಕಿಂತ ‘ಅದು ಅವರ ಪಾಲು’ ಎಂಬ ಗೊಂದಲವೇ ಹೆಚ್ಚು. ಆ ಹಣವನ್ನು ಒಳ್ಳೆಯ ಇಂಟರ್ನಲ್ ಆಡಿಟ್‌ಗೆ ಹಾಕುವುದು ಮೇಲು.

ಐದು ವರ್ಷವೋ, ಹತ್ತು ವರ್ಷವೋ

ಎಜಿಎಂನಲ್ಲಿ ನೇಮಕವಾದ ಆಡಿಟರ್ ಆರನೆಯ ಎಜಿಎಂ ಮುಗಿಯುವವರೆಗೆ, ಅಂದರೆ ಐದು ವರ್ಷ ಇರುತ್ತಾರೆ. ಪ್ರತಿ ವರ್ಷ ಸದಸ್ಯರಿಂದ ಅನುಮೋದನೆ ಪಡೆಯುವ ನಿಯಮ 7 ಮೇ 2018ರಿಂದ ಹೋಯಿತು. ಈಗಲೂ ಹಳೆಯ ನೋಟಿಸಿನ ನಕಲು ಮಾಡುವವರು ಆ ಸಾಲನ್ನು ಉಳಿಸಿಕೊಂಡಿರುತ್ತಾರೆ, ತೆಗೆದುಬಿಡಿ.

ಕಡ್ಡಾಯ ಬದಲಾವಣೆ ಯಾರಿಗೆ? ಲಿಸ್ಟೆಡ್ ಕಂಪನಿಗಳಿಗೆ, ₹10 ಕೋಟಿ ಮತ್ತು ಮೇಲ್ಪಟ್ಟ ಪಾವತಿಯಾದ ಷೇರು ಬಂಡವಾಳದ, ಲಿಸ್ಟ್ ಆಗದ ಪಬ್ಲಿಕ್ ಕಂಪನಿಗಳಿಗೆ, ₹50 ಕೋಟಿ ಮತ್ತು ಮೇಲ್ಪಟ್ಟ ಬಂಡವಾಳದ ಪ್ರೈವೇಟ್ ಕಂಪನಿಗಳಿಗೆ, ಬಂಡವಾಳ ಕಡಿಮೆಯಿದ್ದರೂ ಬ್ಯಾಂಕ್, ಹಣಕಾಸು ಸಂಸ್ಥೆಗಳ ಸಾಲ ಅಥವಾ ಸಾರ್ವಜನಿಕ ಠೇವಣಿ ₹50 ಕೋಟಿ ಮುಟ್ಟಿದ ಕಂಪನಿಗಳಿಗೆ. ಒನ್ ಪರ್ಸನ್ ಕಂಪನಿ, ಸ್ಮಾಲ್ ಕಂಪನಿಗಳಿಗೆ ಇಲ್ಲ. ಹೆಚ್ಚಿನವರು ಮರೆಯುವುದು ಕೊನೆಯ ಮಿತಿಯನ್ನು. ಷೇರು ಬಂಡವಾಳ ಬರೀ ₹1 ಕೋಟಿ, ಆದರೆ ಹೊಸ ಘಟಕಕ್ಕೆ ತೆಗೆದ ಟರ್ಮ್ ಲೋನ್ ಮತ್ತು ಸಿಸಿ ಸೇರಿ ₹52 ಕೋಟಿ ಆದರೆ ನೀವು ಈ ನಿಯಮದೊಳಗೆ ಬಂದಿರಿ.

ಆಡಿಟರ್ ಒಬ್ಬ ವ್ಯಕ್ತಿಯಾಗಿದ್ದರೆ ಒಂದು ಅವಧಿ, ಐದು ವರ್ಷ. ಫರ್ಮ್ ಆಗಿದ್ದರೆ ಎರಡು ಅವಧಿ, ಹತ್ತು ವರ್ಷ. ಆಮೇಲೆ ಐದು ವರ್ಷ ಬಿಡುವು. ಹೋದ ಫರ್ಮ್‌ನ ಪಾರ್ಟ್‌ನರ್ ಇರುವ ಇನ್ನೊಂದು ಫರ್ಮ್‌ಗಾಗಲಿ, ಅದೇ ನೆಟ್‌ವರ್ಕ್‌ಗಾಗಲಿ ಕೊಡುವಂತಿಲ್ಲ. ಸಹಿ ಹಾಕುತ್ತಿದ್ದ ಪಾರ್ಟ್‌ನರ್ ಬೇರೆ ಫರ್ಮ್ ಸೇರಿದರೆ ಆ ಫರ್ಮ್‌ಗೂ ಬಾಗಿಲು ಮುಚ್ಚುತ್ತದೆ. ರಿಸರ್ವ್ ಬ್ಯಾಂಕಿನ ವ್ಯಾಪ್ತಿಯ ಸಂಸ್ಥೆಗಳಲ್ಲಿ ಇನ್ನೂ ಬಿಗಿ: ಮೂರು ವರ್ಷ, ನಂತರ ಆರು ವರ್ಷ ಬಿಡುವು. ಆಡಿಟ್‌ಗೂ ಬೇರೆ ಕೆಲಸಗಳಿಗೂ ನಡುವೆ ಒಂದು ವರ್ಷದ ಅಂತರ.

ಕಡ್ಡಾಯವಿಲ್ಲದ ಕಂಪನಿ ಸ್ವತಃ ಬದಲಿಸಬೇಕೆ? ಐದು ವರ್ಷಕ್ಕೆ ಬದಲಿಸಿದರೆ ಹೊಸ ಕಣ್ಣು ಸಿಗುತ್ತದೆ, ಆದರೆ ಹೊಸಬರು ವ್ಯಾಪಾರ ಅರಿಯಲು ಒಂದು, ಎರಡು ಬ್ಯಾಲೆನ್ಸ್ ಶೀಟ್ ಬೇಕಾಗುತ್ತದೆ, ಆ ಅವಧಿಯಲ್ಲಿ ತಪ್ಪು ನುಸುಳುವ ಸಂಭವವೂ ಇದೆ. ಎಂಟ್ಹತ್ತು ವರ್ಷಕ್ಕೆ ಬದಲಿಸುವುದು, ನಡುವೆ ಐದನೆಯ ವರ್ಷದಲ್ಲಿ ಸಹಿ ಹಾಕುವ ಪಾರ್ಟ್‌ನರ್ ಬದಲಾಗುವಂತೆ ಕೇಳಿಕೊಳ್ಳುವುದು ಸೂಕ್ತ. ಒಬ್ಬರೇ ನಡೆಸುವ ಆಫೀಸಿನಲ್ಲಿ ಇದು ಸಾಧ್ಯವಿಲ್ಲ, ಎರಡು ಮೂರು ಪಾರ್ಟ್‌ನರ್ ಇರುವ ಫರ್ಮ್ ಆರಿಸಲು ಇದೂ ಒಂದು ಕಾರಣ.

ಇಂಟರ್ನಲ್ ಆಡಿಟ್: ಒಳಗಿನವರೋ, ಹೊರಗಿನವರೋ

ಪ್ರೈವೇಟ್ ಕಂಪನಿಗೆ ವಹಿವಾಟು ₹200 ಕೋಟಿ ಮುಟ್ಟಿದರೆ ಅಥವಾ ಬ್ಯಾಂಕ್ ಸಾಲ ₹100 ಕೋಟಿ ಮೀರಿದರೆ ಇಂಟರ್ನಲ್ ಆಡಿಟ್ ಕಡ್ಡಾಯ. ಉದ್ಯೋಗಿಯೇ ಮಾಡಬಹುದು, ಹೊರಗಿನ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಮಾಡಬಹುದು. ಒಳಗಿನವರಿಗೆ ಗೋದಾಮಿನ ಮೂಲೆಮೂಲೆ ಗೊತ್ತಿರುತ್ತದೆ, ಆದರೆ ಅವರ ಇನ್‌ಕ್ರಿಮೆಂಟ್ ಬರೆಯುವವರು ಸಿಎಫ್‌ಒ (ಹಣಕಾಸು ಮುಖ್ಯಸ್ಥ) ಆಗಿದ್ದರೆ ಸಿಎಫ್‌ಒ ವಿಭಾಗದ ತಪ್ಪು ವರದಿಯಲ್ಲಿ ಕಾಣುವುದಿಲ್ಲ. ಒಳಗಿನವರನ್ನೇ ಇಟ್ಟುಕೊಳ್ಳುವುದಾದರೆ ಅವರ ನೇಮಕ, ಸಂಬಳ, ವರದಿ ಮೂರೂ ಬೋರ್ಡ್ ಕೈಯಲ್ಲಿರಲಿ. ಇಂಟರ್ನಲ್ ಆಡಿಟರ್ ಆಗಿರುವ ಸಿಎ ಅದೇ ಕಂಪನಿಯ ಟ್ಯಾಕ್ಸ್ ಆಡಿಟ್ ಮಾಡುವಂತಿಲ್ಲ ಎಂಬುದೂ ನೆನಪಿರಲಿ.

ಫೀಸು

ಕೊಟೇಶನ್‌ನಲ್ಲಿ ಒಟ್ಟು ಮೊತ್ತಕ್ಕಿಂತ ಮೊದಲು ದಿನಗಳನ್ನು ಕೇಳಿ. ₹60 ಕೋಟಿ ವಹಿವಾಟು, ಎರಡು ಗೋದಾಮು, ಒಂದು ಸಿಸಿ ಖಾತೆ ಇರುವ ತಯಾರಿಕಾ ಕಂಪನಿಗೆ ನಮ್ಮ ಅಂದಾಜಿನಲ್ಲಿ ಇಬ್ಬರು ಆರ್ಟಿಕಲ್‌ಗಳು (ಸಿಎ ತರಬೇತಿಯಲ್ಲಿರುವವರು) ಹತ್ತು ದಿನ, ಒಬ್ಬ ಅರ್ಹ ಸಿಎ ನಾಲ್ಕೈದು ದಿನ, ಸಹಿ ಹಾಕುವ ಪಾರ್ಟ್‌ನರ್ ಕನಿಷ್ಠ ಎರಡು ದಿನ ಕೂರಬೇಕು. ಮಾರ್ಚ್ 31ರ ಆಸುಪಾಸಿನ ಸ್ಟಾಕ್ ಎಣಿಕೆಗೆ ಹಾಜರಾಗುವ ದಿನ ಬೇರೆ. ಕೊಟ್ಟ ಮೊತ್ತವನ್ನು ಈ ದಿನಗಳಿಗೆ ಭಾಗಿಸಿ. ಬಂದ ಅಂಕಿಯಲ್ಲಿ ಆ ಜನರನ್ನು ಕಳಿಸುವುದು ಸಾಧ್ಯವೇ ಇಲ್ಲ ಎನಿಸಿದರೆ ಅವರು ಕಳಿಸುವುದಿಲ್ಲ. ತೀರಾ ಕಡಿಮೆ ಆಡಿಟ್ ಫೀಸು ಹೇಳಿ ಬೇರೆ ಸೇವೆಗಳಲ್ಲಿ ತುಂಬಿಕೊಳ್ಳುವವರು ಮೊದಲ ತಕ್ಕಡಿಯಲ್ಲೇ ಸೋಲುತ್ತಾರೆ. ಲಾಭದ ಶೇಕಡಾವಾರು ಅಥವಾ ‘ಲೋನ್ ಸ್ಯಾಂಕ್ಷನ್ ಆದರೆ ಇಷ್ಟು’ ಎಂಬ ಆಡಿಟ್ ಫೀಸು ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ, 1949ರ ಪ್ರಕಾರ ವೃತ್ತಿ ದುರ್ನಡತೆ.

ಬೇರೆ ಕಂಪನಿಯ ಷೇರು ಕೊಳ್ಳುವವರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಶೆಡ್ಯೂಲ್ 3ರ ಪ್ರಕಾರ ಆಡಿಟರ್‌ಗೆ ಕೊಟ್ಟ ಹಣವನ್ನು ಆಡಿಟ್‌ಗೆ ಎಷ್ಟು, ತೆರಿಗೆ ವಿಷಯಕ್ಕೆ ಎಷ್ಟು, ಇತರ ಸೇವೆಗೆ ಎಷ್ಟು ಎಂದು ಬಿಡಿಸಿ ತೋರಿಸಬೇಕು. ‘ಇತರ ಸೇವೆ’ ಆಡಿಟ್ ಫೀಸನ್ನು ಮೀರಿ ಎರಡು ಮೂರು ವರ್ಷ ಸತತ ಬೆಳೆಯುತ್ತಿದ್ದರೆ ಅಲ್ಲಿ ನಿಂತು ಯೋಚಿಸಿ.

ಬದಲಿಸುವುದಾದರೆ ಯಾವ ದಾರಿ

ಮೂರು ದಾರಿಗಳಿವೆ. ಅವಧಿ ಮುಗಿಯುವವರೆಗೆ ಕಾದು ಮುಂದಿನ ಎಜಿಎಂನಲ್ಲಿ ಹೊಸಬರನ್ನು ನೇಮಿಸುವುದು ಎಲ್ಲಕ್ಕಿಂತ ಸ್ವಚ್ಛ.

ಅವಧಿಗೆ ಮೊದಲೇ ತೆಗೆಯಬೇಕಾದರೆ ಬೋರ್ಡ್ ನಿರ್ಣಯವಾದ 30 ದಿನದೊಳಗೆ ಎಡಿಟಿ-2 ಎಂಬ ಸರ್ಕಾರಿ ಫಾರಂನಲ್ಲಿ ಕೇಂದ್ರ ಸರ್ಕಾರದ ಪೂರ್ವಾನುಮತಿಗೆ ಅರ್ಜಿ, ಅನುಮತಿ ಬಂದ 60 ದಿನದೊಳಗೆ ಸಾಮಾನ್ಯ ಸಭೆಯಲ್ಲಿ ವಿಶೇಷ ನಿರ್ಣಯ. ಆಡಿಟರ್‌ಗೆ ತಮ್ಮ ಮಾತು ಹೇಳುವ ಅವಕಾಶ ಇರಲೇಬೇಕು. ಕಷ್ಟದ ದಾರಿ, ಉದ್ದೇಶಪೂರ್ವಕವಾಗಿಯೇ ಕಷ್ಟ ಮಾಡಿದ್ದು. ‘ಇಲ್ಲ’ ಎಂದ ಆಡಿಟರ್‌ನನ್ನು ಮರುದಿನವೇ ಕಳಿಸುವಂತಿದ್ದರೆ ಯಾವ ಆಡಿಟರ್ ‘ಇಲ್ಲ’ ಎಂದಾರು?

ಮೂರನೆಯದು ರಾಜೀನಾಮೆ. ಮೇಲಿನ ತೊಡಕು ತಪ್ಪಿಸಲು ಆಡಿಟರ್‌ನಿಂದ ರಾಜೀನಾಮೆ ‘ಕೊಡಿಸುವ’ ಪರಿಪಾಠವಿದೆ. ಅದರಿಂದ ವಿಷಯ ಮುಚ್ಚಿಹೋಗುವುದಿಲ್ಲ. ಆಡಿಟರ್ 30 ದಿನದೊಳಗೆ ಎಡಿಟಿ-3ರಲ್ಲಿ ಕಾರಣಗಳನ್ನು ಬರೆದು ಆರ್‌ಒಸಿಗೆ (ಕಂಪನಿಗಳ ರಿಜಿಸ್ಟ್ರಾರ್‌ಗೆ) ಸಲ್ಲಿಸಬೇಕು. ಬಂದ ಹೊಸ ಆಡಿಟರ್ ಹಿಂದಿನವರಿಗೆ ಪತ್ರ ಬರೆದು ಕೇಳಲೇಬೇಕು, ಕ್ಯಾರೋ ಅನ್ವಯಿಸುವ ಕಂಪನಿಯಾದರೆ ಹೋದವರು ಎತ್ತಿದ ಆಕ್ಷೇಪಗಳನ್ನು ಪರಿಗಣಿಸಿದ್ದೇನೆಯೇ ಎಂದು ತಮ್ಮ ವರದಿಯಲ್ಲಿ ಹೇಳಬೇಕು. ತೆರವಾದ ಸ್ಥಾನವನ್ನು ಬೋರ್ಡ್ 30 ದಿನದೊಳಗೆ ತುಂಬಬೇಕು, ಬೋರ್ಡ್ ಶಿಫಾರಸಿನ ಮೂರು ತಿಂಗಳೊಳಗೆ ಸಾಮಾನ್ಯ ಸಭೆ ಒಪ್ಪಬೇಕು, ಹೀಗೆ ಬಂದವರ ಅವಧಿ ಮುಂದಿನ ಎಜಿಎಂವರೆಗೆ ಮಾತ್ರ. ರಾಜೀನಾಮೆ ಆಡಿಟರ್‌ಗೂ ರಕ್ಷಾಕವಚವಲ್ಲ: ರಾಜೀನಾಮೆ ಕೊಟ್ಟ ಮೇಲೂ ವಂಚನೆಯಲ್ಲಿ ಪಾಲಿದ್ದ ಆಡಿಟರ್ ಬಗ್ಗೆ ಸೆಕ್ಷನ್ 140(5)ರ ಅಡಿ ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ವಿಚಾರಣೆ ಮುಂದುವರಿಯುತ್ತದೆ ಎಂದು ಸುಪ್ರೀಂ ಕೋರ್ಟ್ ಮೇ 2023ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ.

ಹಳೆಯ ಆಡಿಟರ್‌ನ ವಿವಾದವಿಲ್ಲದ ಫೀಸು ಬಾಕಿ ಇದ್ದರೆ ಹೊಸಬರು ಕೆಲಸ ಒಪ್ಪಿಕೊಳ್ಳುವಂತಿಲ್ಲ. ಜಗಳವಾಗಿದ್ದರೂ ಆ ಬಿಲ್ಲು ಮೊದಲು ಕಟ್ಟಿ.

ಯಾರ ಕಣ್ಣು ನಿಮ್ಮ ಮೇಲೆ

1 ಅಕ್ಟೋಬರ್ 2018ರಂದು ಸ್ಥಾಪನೆಯಾದ ಎನ್‌ಎಫ್‌ಆರ್‌ಎ ನೋಡುವುದು ಲಿಸ್ಟೆಡ್ ಕಂಪನಿಗಳು, ಬ್ಯಾಂಕಿಂಗ್, ವಿಮೆ, ವಿದ್ಯುತ್ ಕಂಪನಿಗಳು, ಮತ್ತು ಹಿಂದಿನ ಮಾರ್ಚ್ 31ಕ್ಕೆ ₹500 ಕೋಟಿ ಬಂಡವಾಳ, ₹1,000 ಕೋಟಿ ವಹಿವಾಟು ಅಥವಾ ₹500 ಕೋಟಿ ಸಾಲ, ಠೇವಣಿ ಮುಟ್ಟಿದ ಪಬ್ಲಿಕ್ ಕಂಪನಿಗಳ ಆಡಿಟರ್‌ಗಳನ್ನು. ಅದು ಆಡಿಟರ್‌ನನ್ನು 6 ತಿಂಗಳಿಂದ 10 ವರ್ಷದವರೆಗೆ ನಿಷೇಧಿಸಬಹುದು. ಉಳಿದ ಕಂಪನಿಗಳ ಆಡಿಟರ್‌ಗಳ ಶಿಸ್ತು ಸಾಮಾನ್ಯವಾಗಿ ಸಿಎಗಳ ವೃತ್ತಿಸಂಸ್ಥೆಯಾದ ಐಸಿಎಐ ಕೈಯಲ್ಲಿ. ವಂಚನೆ ₹1 ಕೋಟಿ ಅಥವಾ ಹೆಚ್ಚಿನದಾದರೆ ಗಾತ್ರ ಯಾವುದೇ ಇರಲಿ ಆಡಿಟರ್ ಕೇಂದ್ರ ಸರ್ಕಾರಕ್ಕೆ ತಿಳಿಸಬೇಕು: ತಿಳಿದ 2 ದಿನದೊಳಗೆ ಬೋರ್ಡ್ ಅಥವಾ ಆಡಿಟ್ ಕಮಿಟಿಗೆ, ಅವರ ಉತ್ತರಕ್ಕೆ 45 ದಿನ, ನಂತರ 15 ದಿನದೊಳಗೆ ಎಡಿಟಿ-4. ಈ ಗಡುವು ನಡೆಯುತ್ತಿರುವಾಗ ‘ಸ್ವಲ್ಪ ತಡೆಯಿರಿ’ ಎಂದು ಆಡಿಟರ್‌ಗೆ ಫೋನ್ ಮಾಡಬೇಡಿ. ಅವರು ತಡೆದರೆ ತಪ್ಪು ಅವರ ತಲೆಗೆ ಬರುತ್ತದೆ.

ನೇಮಕದ ದಿನ ಕೈಯಲ್ಲಿರಬೇಕಾದದ್ದು

ನೋಟಿಸು ಹೋಗುವ ಮೊದಲೇ ಫರ್ಮ್‌ನಿಂದ ಲಿಖಿತ ಒಪ್ಪಿಗೆ ಮತ್ತು ಅರ್ಹತಾ ಪ್ರಮಾಣಪತ್ರ ತರಿಸಿ. ಅವರ ಮೇಲೆ ಬಾಕಿ ಇರುವ ವೃತ್ತಿ ಸಂಬಂಧಿ ವಿಚಾರಣೆಗಳ ಪಟ್ಟಿ ಅದರಲ್ಲಿ ಇರಬೇಕು. ‘ಇಲ್ಲ’ ಎಂದಿದ್ದರೆ ಆ ಪದವನ್ನೇ ಬರೆಸಿ, ಖಾಲಿ ಬಿಡಲು ಒಪ್ಪಬೇಡಿ. ಕಂಪನಿ, ಹೋಲ್ಡಿಂಗ್, ಸಬ್ಸಿಡಿಯರಿ, ಅಸೋಸಿಯೇಟ್‌ಗಳ ಹೆಸರುಗಳನ್ನೂ ಡೈರೆಕ್ಟರ್‌ಗಳ ಹೆಸರುಗಳನ್ನೂ ಮೊದಲು ನೀವೇ ಅವರಿಗೆ ಕೊಡಿ, ಹೆಸರು ಗೊತ್ತಿಲ್ಲದೆ ಸಂಬಂಧ ಇದೆಯೋ ಇಲ್ಲವೋ ಎಂದು ಅವರು ಪರೀಕ್ಷಿಸಲಾರರು. ನಿಮ್ಮ ಕಂಪನಿಯ ಮತ್ತು ಸಮೂಹದ ಎಲ್ಲ ಕೆಲಸ ಸೇರಿ ಅವರ ಫರ್ಮ್ ಆದಾಯದಲ್ಲಿ ಎಷ್ಟು ಪಾಲು ಎಂದು ನೇರವಾಗಿ ಕೇಳಿ. ಎಜಿಎಂ ಆದ 15 ದಿನದೊಳಗೆ ಎಡಿಟಿ-1 ಸಲ್ಲಿಸಿ, ಆಮೇಲೆ ಎಂಗೇಜ್‌ಮೆಂಟ್ ಲೆಟರ್‌ಗೆ ಸಹಿ ಹಾಕಿ. ವರ್ಷದ ಕೊನೆಗೆ ವರದಿ ಬಂದಾಗ ಅದರ ಮೇಲಿನ 18 ಅಂಕೆ, ಅಕ್ಷರಗಳ ಯುಡಿಐಎನ್ ಅನ್ನು ಐಸಿಎಐ ಪೋರ್ಟಲ್‌ನಲ್ಲಿ ಹಾಕಿ, ಅಲ್ಲಿ ಕಾಣುವ ಸದಸ್ಯತ್ವ ಸಂಖ್ಯೆ, ದಿನಾಂಕ, ಅಂಕಿಗಳು ನಿಮ್ಮ ಕೈಯಲ್ಲಿರುವ ಬ್ಯಾಲೆನ್ಸ್ ಶೀಟಿಗೆ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ಆ ಪ್ರತಿಯನ್ನು ಬ್ಯಾಂಕಿಗೆ ಕೊಡುವ ಮೊದಲು ಆಡಿಟರ್‌ಗೆ ಬರಹದಲ್ಲಿ ಕೇಳಿ.